ಲೋಕೋಪಕಾರಿ ಹಾಫ್ಕಿನ್

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ನಮ್ಮ ನಾಡಿನ ಹಳ್ಳಿಪಟ್ಟಣಗಳನ್ನು ನಡುಗಿಸಿದ ಒಂದು ಘೋರ ವ್ಯಾಧಿಯುಂಟು. ಅದೇ ಪ್ಲೇಗು. ಮನೆಯ ಸೂರಿನಿಂದ ಸತ್ತ ಇಲಿಯೊಂದು ಕೆಳಗೆ ಬಿದ್ದಿತೆಂದರೆ ಸಾಕು, ಮನೆಮಂದಿಯ ಎದೆ ನಡುಗುತ್ತಿತ್ತು. ಒಂದೆರಡು ದಿನಗಳಲ್ಲಿ ಯಾರಿಗಾದರೂ ಕಡುಜ್ವರ ಬರುತ್ತಿತ್ತು. ತೊಡೆಯ ಸಂದಿನಲ್ಲಾಗಲಿ ಕಂಕುಳಲ್ಲಾಗಲಿ ಗಡ್ಡೆ ಕಾಣಿಸಿಕೊಳ್ಳುತ್ತಿತ್ತು. ಹಾಗೆ ಮಲಗಿದವರಲ್ಲಿ ಮತ್ತೆ ಎದ್ದವರು ಕಡಿಮೆ. ಜನರು ಮನೆಗಳಿಗೆ ಬೀಗ ಹಾಕಿ, ದನಕರುಗಳೊಡನೆ ಊರ ಹೊರಗಿನ ಹೊಲಗಳಿಗೂ ತೋಪುಗಳಿಗೂ ಹೋಗಿ, ಗುಡಿಸಲುಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ಕಾಲ ಕಳೆಯುತ್ತಿದ್ದರು. ಮಾರಮ್ಮನ ಕೋಪವೇ ಈ ರೂಪದಲ್ಲಿ ಬಂದಿದೆಯೆಂದು ಭಾವಿಸಿ ಹರಕೆ ಹೊರುತ್ತಿದ್ದರು. ಆ ಕಾಲದ ನೆನಪಾಗಿ ಪ್ಲೇಗಿನಮ್ಮನ ಗುಡಿಗಳು ನಮ್ಮ ನಾಡಿನಲ್ಲಿ ಇಂದಿಗೂ ಉಳಿದಿವೆ.

ಇಂತಹ ವ್ಯಾಧಿಯನ್ನು ಎದುರಿಸುವ ಬಗೆ ಯಾರಿಗೂ ತಿಳಿಯದೆ ಇದ್ದಾಗ, ದೂರದ ದೇಶದಿಂದ ಬಂದ ಒಬ್ಬ ವಿಜ್ಞಾನಿ ಮುಂಬಯಿಯ ಒಂದು ಕಿರುಕೋಣೆಯಲ್ಲಿ ಕುಳಿತು ಅದಕ್ಕೆ ಲಸಿಕೆಯನ್ನು ಸಿದ್ಧಪಡಿಸಿದನು. ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಅನಂತರ ಲಕ್ಷಾಂತರ ಜನರ ಪ್ರಾಣವನ್ನು ಉಳಿಸಿದನು. ಇಷ್ಟಾದರೂ ಮಾಡದ ತಪ್ಪಿಗಾಗಿ ಅಪವಾದವನ್ನು ಹೊತ್ತು ಈ ದೇಶವನ್ನು ಬಿಡಬೇಕಾಯಿತು. ಆತನೇ ವಾಲ್ಡೆಮಾರ್ ಹಾಫ್ಕಿನ್.

ಹಾಫ್ಕಿನನು 1860ರ ಮಾರ್ಚ್ 15ರಂದು ಕಪ್ಪು ಸಮುದ್ರದ ತೀರದಲ್ಲಿರುವ ಒಡೆಸ್ಸಾ ನಗರದಲ್ಲಿ ಜನಿಸಿದನು. ಇಂದು ಉಕ್ರೇನ್ ದೇಶಕ್ಕೆ ಸೇರಿರುವ ಆ ನಗರವು ಆಗ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಆತನದು ಯಹೂದಿ ಮನೆತನ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಕೃತಿವಿಜ್ಞಾನವನ್ನು ಓದುತ್ತಿದ್ದಾಗ, ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞನಾದ ಇಲ್ಯಾ ಮೆಚ್ನಿಕಾಫನು ಆತನಿಗೆ ಗುರುವಾಗಿ ದೊರೆತನು. ಶರೀರದೊಳಗೆ ಹೊಕ್ಕ ರೋಗಾಣುಗಳನ್ನು ರಕ್ತದ ಬಿಳಿಯ ಕಣಗಳು ಹೇಗೆ ನುಂಗಿ ನಾಶಮಾಡುತ್ತವೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವನು ಈ ಮೆಚ್ನಿಕಾಫನೇ. ಗುರುವಿನ ಸಹವಾಸದಿಂದ ಶಿಷ್ಯನಿಗೂ ಸೂಕ್ಷ್ಮಜೀವಿಗಳ ವಿಷಯದಲ್ಲಿ ಆಸಕ್ತಿ ಮೂಡಿತು.

ಆ ದಿನಗಳಲ್ಲಿ ರಷ್ಯದಲ್ಲಿ ಯಹೂದಿಗಳ ಬಾಳು ಸುಖಕರವಾಗಿರಲಿಲ್ಲ. 1881ರಲ್ಲಿ ಒಡೆಸ್ಸಾದಲ್ಲಿ ಗಲಭೆಗಳು ನಡೆದು, ಯಹೂದಿಗಳ ಮನೆಗಳ ಮೇಲೆ ದಾಳಿಗಳಾದವು. ನೆರೆಹೊರೆಯವರನ್ನು ರಕ್ಷಿಸಲು ಎದ್ದು ನಿಂತ ತರುಣರಲ್ಲಿ ಹಾಫ್ಕಿನನೂ ಒಬ್ಬನಾಗಿದ್ದನು. ಆತನು ಗಾಯಗೊಂಡುದಲ್ಲದೆ ಸೆರೆಗೂ ಸಿಕ್ಕಿದನು. ಮೆಚ್ನಿಕಾಫನು ಪ್ರಯತ್ನಪಟ್ಟು ಆತನನ್ನು ಬಿಡಿಸಿದನು. ಮುಂದೆ ಆತನು ಒಡೆಸ್ಸಾದ ಪ್ರಾಣಿವಿಜ್ಞಾನ ಸಂಗ್ರಹಾಲಯದಲ್ಲಿ ಕೆಲಸಮಾಡಿ ಒಳ್ಳೆಯ ಸಂಶೋಧಕನೆಂದು ಹೆಸರು ಪಡೆದನು. ಪ್ರಾಧ್ಯಾಪಕನಾಗುವ ಯೋಗ್ಯತೆ ಆತನಲ್ಲಿ ಇದ್ದಿತು. ಆದರೆ ಆ ಪದವಿ ಬೇಕಾದರೆ ಹುಟ್ಟಿದ ಧರ್ಮವನ್ನು ಬಿಡಬೇಕೆಂಬ ನಿರ್ಬಂಧವಿತ್ತು. ಪದವಿಗಾಗಿ ನಂಬಿಕೆಯನ್ನು ಮಾರಿಕೊಳ್ಳಲು ಹಾಫ್ಕಿನನು ಒಪ್ಪಲಿಲ್ಲ. 1888ರಲ್ಲಿ ಆತನು ತಾಯ್ನಾಡನ್ನು ತೊರೆದು ಮೊದಲು ಜಿನೀವಕ್ಕೂ, ಮರುವರ್ಷ ಪ್ಯಾರಿಸಿಗೂ ಹೋದನು.

ಪ್ಯಾರಿಸಿನಲ್ಲಿ ಲೂಯಿ ಪಾಸ್ತರನ ಹೆಸರಿನ ಸಂಸ್ಥೆ ಆಗತಾನೆ ಪ್ರಾರಂಭವಾಗಿತ್ತು. ಮೆಚ್ನಿಕಾಫನೂ ಅಲ್ಲಿಗೆ ಬಂದು ನೆಲೆಸಿದ್ದನು. ಆದರೆ ಶಿಷ್ಯನಿಗೆ ಕೊಡಲು ಅಲ್ಲಿದ್ದುದು ಗ್ರಂಥಾಲಯದಲ್ಲಿ ಸಹಾಯಕನ ಹುದ್ದೆಯೊಂದೇ. ಹಾಫ್ಕಿನನು ಅದನ್ನು ಕೀಳೆಂದು ಭಾವಿಸದೆ ಒಪ್ಪಿಕೊಂಡನು. ಪುಸ್ತಕಗಳನ್ನು ಜೋಡಿಸುವ ಕೆಲಸ ಮುಗಿದ ಮೇಲೆ ಉಳಿಯುತ್ತಿದ್ದ ಕಾಲವನ್ನೆಲ್ಲ ಸೂಕ್ಷ್ಮದರ್ಶಕದ ಮುಂದೆ ಕಳೆಯುತ್ತಿದ್ದನು.

ಆ ಸೂಕ್ಷ್ಮದರ್ಶಕದಲ್ಲಿ ಆತನು ಕಾಣುತ್ತಿದ್ದ ಲೋಕ ಯಾವುದು? ಅದೇ ಬ್ಯಾಕ್ಟೀರಿಯಗಳ ಲೋಕ. ಹಾಲೆಂಡಿನ ಲೀವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಹದಿನೇಳನೆಯ ಶತಮಾನದಲ್ಲಿಯೇ ತಾನು ಉಜ್ಜಿ ಮಾಡಿದ ಮಸೂರದ ಮೂಲಕ ತನ್ನ ಹಲ್ಲಿನ ಕೊಳೆಯಲ್ಲಿ ಇವನ್ನು ಕಂಡಿದ್ದನು. ಬ್ಯಾಕ್ಟೀರಿಯ ಎಂಬುದು ಒಂದೇ ಕೋಶದಿಂದ ಆದ ಜೀವಿ. ಸಾಮಾನ್ಯವಾಗಿ ಅದರ ಉದ್ದ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು, ಇಲ್ಲವೆ ಅದರ ಕೆಲವು ಪಟ್ಟು ಮಾತ್ರ. ಅದರ ಹೊರಭಾಗದಲ್ಲಿ ಗಟ್ಟಿಯಾದ ಕೋಶಭಿತ್ತಿಯಿದೆ. ಅದರ ಒಳಗೆ ತೆಳುವಾದ ಕೋಶಪೊರೆ. ಪೊರೆಯ ಒಳಗೆ ಜೀವರಸ. ನಮ್ಮ ಶರೀರದ ಕೋಶಗಳಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿರುತ್ತದೆ. ಬ್ಯಾಕ್ಟೀರಿಯದಲ್ಲಿ ಅದು ಇಲ್ಲ. ಅನುವಂಶಿಕ ಗುಣಗಳನ್ನು ಹೊತ್ತ ಡಿ.ಎನ್.ಎ. ಎಳೆ ಜೀವರಸದಲ್ಲಿಯೇ ಸುರುಳಿಗೊಂಡು ಇರುತ್ತದೆ. ಕೆಲವು ಬ್ಯಾಕ್ಟೀರಿಯಗಳಿಗೆ ಭಿತ್ತಿಯ ಹೊರಗೆ ಲೋಳೆಯಂತಹ ಕವಚವುಂಟು. ಕೆಲವಕ್ಕೆ ಈಜಲು ಚಾವಟಿಯಂತಹ ಕಶಾಂಗಗಳುಂಟು. ಇನ್ನು ಕೆಲವು ಬ್ಯಾಕ್ಟೀರಿಯಗಳು ಆಹಾರವಿಲ್ಲದ ಕಾಲದಲ್ಲಿ ತಮ್ಮೊಳಗೆ ಗಟ್ಟಿಯಾದ ಬೀಜಕವನ್ನು ರಚಿಸಿಕೊಂಡು, ಬಿಸಿಲಿಗೂ ಶಾಖಕ್ಕೂ ಬಗ್ಗದೆ ವರ್ಷಗಟ್ಟಲೆ ಮಣ್ಣಿನಲ್ಲಿ ಸುಪ್ತವಾಗಿ ಬಿದ್ದಿರುತ್ತವೆ. ಈ ಬೀಜಕಗಳ ಮಾತು ಹಾಫ್ಕಿನನ ಬಾಳಿನಲ್ಲಿ ಮುಂದೆ ಮತ್ತೆ ಬರುತ್ತದೆ.

ಇಷ್ಟು ಸಣ್ಣ ಜೀವಿಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. 1872ರಲ್ಲಿ ಫರ್ಡಿನೆಂಡ್ ಕೋಹ್ನ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ಇವನ್ನು ಆಕಾರದ ಆಧಾರದ ಮೇಲೆ ವಿಂಗಡಿಸಿದನು. ದುಂಡಗಿನವು ಗುಂಡಾಣುಗಳು. ಕಡ್ಡಿಯಂತೆ ಇರುವವು ದಂಡಾಣುಗಳು. ಸುರುಳಿಯಾಗಿ ತಿರುಚಿಕೊಂಡಿರುವವು ಸುರುಳಿಯಾಣುಗಳು. ಅಲ್ಪವಿರಾಮ ಚಿಹ್ನೆಯಂತೆ ಬಾಗಿದವು ವಿಬ್ರಿಯೊಗಳು. 1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ವೈದ್ಯನು ಬಣ್ಣ ಹಾಕುವ ಒಂದು ಕ್ರಮವನ್ನು ಕಂಡುಹಿಡಿದನು. ಗಾಜಿನ ಪಟ್ಟಿಯ ಮೇಲಿನ ಬ್ಯಾಕ್ಟೀರಿಯಗಳಿಗೆ ನೇರಳೆ ಬಣ್ಣವನ್ನೂ ಅಯೊಡಿನ್ ದ್ರಾವಣವನ್ನೂ ಹಾಕಿ, ಬಳಿಕ ಮದ್ಯಸಾರದಿಂದ ತೊಳೆದರೆ, ಕೆಲವು ಬ್ಯಾಕ್ಟೀರಿಯಗಳು ಬಣ್ಣವನ್ನು ಬಿಡದೆ ಹಿಡಿದುಕೊಳ್ಳುತ್ತವೆ, ಕೆಲವು ಬಿಟ್ಟುಕೊಡುತ್ತವೆ. ಮೊದಲನೆಯವು ಗ್ರಾಮ್ ಧನ, ಎರಡನೆಯವು ಗ್ರಾಮ್ ಋಣ. ಈ ಭೇದಕ್ಕೆ ಕಾರಣ ಕೋಶಭಿತ್ತಿಯ ರಚನೆಯಲ್ಲಿಯೇ ಇದೆ ಎಂಬುದು ಅನಂತರ ತಿಳಿಯಿತು. ಗ್ರಾಮ್ ಧನ ಬ್ಯಾಕ್ಟೀರಿಯಗಳ ಭಿತ್ತಿ ದಪ್ಪ. ಗ್ರಾಮ್ ಋಣ ಬ್ಯಾಕ್ಟೀರಿಯಗಳ ಭಿತ್ತಿ ತೆಳುವು; ಅದರ ಹೊರಗೆ ಇನ್ನೊಂದು ಪೊರೆ ಇರುತ್ತದೆ. ಆಕಾರ, ಬಣ್ಣ ಹಿಡಿಯುವ ಗುಣ, ಗಾಳಿ ಬೇಕೋ ಬೇಡವೋ ಎಂಬುದು, ಬೀಜಕದ ಇರವು, ಕಶಾಂಗಗಳ ಇರವು – ಇವೆಲ್ಲವನ್ನೂ ಕೂಡಿಸಿ ನೋಡಿ ವಿಜ್ಞಾನಿಗಳು ಬ್ಯಾಕ್ಟೀರಿಯಗಳನ್ನು ಜಾತಿ, ಪ್ರಭೇದಗಳಾಗಿ ವರ್ಗೀಕರಿಸತೊಡಗಿದರು.

ಹಾಫ್ಕಿನನು ಈ ವರ್ಗೀಕರಣಕ್ಕೆ ತನ್ನ ಕಾಣಿಕೆಯನ್ನೂ ಸಲ್ಲಿಸಿದನು. ಕೊಳದ ನೀರಿನಲ್ಲಿ ಪ್ಯಾರಮೀಸಿಯಮ್ ಎಂಬ ಏಕಕೋಶಜೀವಿ ಇರುತ್ತದೆ. ಅದು ಬ್ಯಾಕ್ಟೀರಿಯಕ್ಕಿಂತ ಬಹಳ ದೊಡ್ಡದು. ಅಂತಹ ಪ್ಯಾರಮೀಸಿಯಮ್‌ನ ಕೋಶಕೇಂದ್ರದ ಒಳಗೇ ಮನೆಮಾಡಿಕೊಂಡು ಬೆಳೆಯುವ ವಿಚಿತ್ರ ಜೀವಿಗಳನ್ನು ಹಾಫ್ಕಿನನು ಕಂಡು, 1890ರಲ್ಲಿ ಅವನ್ನು ವರ್ಣಿಸಿ, ಹೋಲೊಸ್ಪೋರ ಎಂಬ ಜಾತಿನಾಮವನ್ನಿತ್ತನು. ಬ್ಯಾಕ್ಟೀರಿಯಗಳ ವರ್ಗೀಕರಣದಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಸೂಕ್ಷ್ಮಜೀವಿಗಳಿಗೂ ಅವುಗಳಿಗಿಂತ ಸೂಕ್ಷ್ಮವಾದ ಜೀವಿಗಳಿಂದ ರೋಗ ಬರಬಹುದು ಎಂಬುದನ್ನು ಆ ಸಂಶೋಧನೆ ತೋರಿಸಿತು.

ಆ ಹೊತ್ತಿಗೆ ಕಾಲರಾ ರೋಗವು ಏಷ್ಯದಿಂದ ಯುರೋಪಿನವರೆಗೆ ಹಬ್ಬಿತ್ತು. ಕಾಲರಾ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಎಂಬ ವಿಜ್ಞಾನಿ 1884ರಲ್ಲಿ ಕಲ್ಕತ್ತೆಯ ಕೆರೆಯ ನೀರಿನಲ್ಲಿಯೂ ಗುರುತಿಸಿದ್ದನು. ಅದು ಬಾಗಿದ ಆಕಾರದ ವಿಬ್ರಿಯೊ, ಗ್ರಾಮ್ ಋಣ, ಒಂದು ತುದಿಯಲ್ಲಿರುವ ಒಂದೇ ಕಶಾಂಗದಿಂದ ಚುರುಕಾಗಿ ಈಜುತ್ತದೆ. ಹಾಫ್ಕಿನನು ಈ ರೋಗಾಣುವನ್ನು ಗಿನಿಹಂದಿಗಳ ಶರೀರದಲ್ಲಿ ಒಂದಾದ ಮೇಲೊಂದರಂತೆ ಬೆಳೆಸಿ ಪ್ರಬಲಗೊಳಿಸಿದನು. ಶಾಖದಿಂದ ದುರ್ಬಲಗೊಳಿಸುವ ಬಗೆಯನ್ನೂ ಅರಿತನು. ಮೊದಲು ದುರ್ಬಲವಾದುದನ್ನೂ, ಕೆಲವು ದಿನಗಳ ಮೇಲೆ ಪ್ರಬಲವಾದುದನ್ನೂ ಚುಚ್ಚಿದರೆ ಪ್ರಾಣಿಗಳು ಕಾಲರಾವನ್ನು ತಡೆದುಕೊಳ್ಳುತ್ತವೆ ಎಂಬುದು ಸಿದ್ಧವಾಯಿತು. ಆದರೆ ಮನುಷ್ಯನ ವಿಷಯದಲ್ಲಿ ಹೇಗೆ? ಅದನ್ನು ಪರೀಕ್ಷಿಸಲು ಹಾಫ್ಕಿನನು ಬೇರೊಬ್ಬನನ್ನು ಹುಡುಕಲಿಲ್ಲ. 1892ರ ಜುಲೈ 18ರಂದು ಲಸಿಕೆಯನ್ನು ತನ್ನ ಮೈಗೇ ಚುಚ್ಚಿಕೊಂಡನು. ಜ್ವರ ಬಂದು ಇಳಿಯಿತು. ಬೇರೆ ಅಪಾಯವೇನೂ ಆಗಲಿಲ್ಲ.

ಕಾಲರಾದ ತವರೆನಿಸಿದ್ದ ಭಾರತದಲ್ಲಿಯೇ ಈ ಲಸಿಕೆಯ ನಿಜವಾದ ಪರೀಕ್ಷೆ ಆಗಬೇಕಿತ್ತು. ಹಾಫ್ಕಿನನು 1893ರ ಮಾರ್ಚ್ ತಿಂಗಳಲ್ಲಿ ಕಲ್ಕತ್ತೆಗೆ ಬಂದಿಳಿದನು. ಪರದೇಶದವನೊಬ್ಬನು ಸೂಜಿ ಹಿಡಿದು ಬಂದಾಗ ಜನರು ಹಿಂದೆಗೆದದ್ದು ಸಹಜವೇ ಆಗಿತ್ತು. ಕೆಲವೆಡೆ ಕಲ್ಲುಗಳನ್ನೂ ತೂರಿದರು. ಹಾಫ್ಕಿನನು ಕೋಪಿಸಿಕೊಳ್ಳಲಿಲ್ಲ. ಬಂಗಾಳದ ವೈದ್ಯರನ್ನು ಜೊತೆಗೆ ಕರೆದುಕೊಂಡು ಕೇರಿಕೇರಿಗಳಿಗೆ ಹೋಗಿ, ಜನರ ಎದುರಿನಲ್ಲಿ ತಾನೇ ಮೊದಲು ಚುಚ್ಚಿಸಿಕೊಂಡು ಧೈರ್ಯ ಹೇಳಿದನು. 1894ರಲ್ಲಿ ಕಲ್ಕತ್ತೆಯ ಒಂದು ಬಡವರ ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಸುಮಾರು 200 ಜನರಲ್ಲಿ 116 ಜನರು ಲಸಿಕೆ ಹಾಕಿಸಿಕೊಂಡರು. ಆ ಬಳಿಕ ರೋಗ ತಗುಲಿದ್ದು ಲಸಿಕೆ ಪಡೆಯದವರಿಗೆ ಮಾತ್ರ. ಈ ಸುದ್ದಿ ಹರಡಿದ ಮೇಲೆ ಜನರೇ ಆತನನ್ನು ಅರಸಿಕೊಂಡು ಬಂದರು. ಎರಡೂವರೆ ವರ್ಷಗಳೊಳಗೆ ಸುಮಾರು 42,000 ಜನರಿಗೆ ಲಸಿಕೆ ಹಾಕಿ, ಮಲೇರಿಯದಿಂದ ಬಳಲಿದ ಹಾಫ್ಕಿನನು ವಿಶ್ರಾಂತಿಗಾಗಿ 1895ರಲ್ಲಿ ಯುರೋಪಿಗೆ ಹೋದನು. ಆದರೆ ಅಲ್ಲಿ ಹೆಚ್ಚು ಕಾಲ ನಿಲ್ಲದೆ ಮರುವರ್ಷವೇ ಮರಳಿ ಬಂದನು.

1896ರಲ್ಲಿ ಮುಂಬಯಿ ನಗರಕ್ಕೆ ಪ್ಲೇಗು ಕಾಲಿಟ್ಟಿತು. ಸರ್ಕಾರವು ಅಕ್ಟೋಬರ್ ತಿಂಗಳಲ್ಲಿ ಹಾಫ್ಕಿನನನ್ನು ಅಲ್ಲಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ ಮತ್ತು ಅದರ ಮುಂದಿನ ಓಣಿಯೇ ಆತನ ಪ್ರಯೋಗಶಾಲೆ. ಒಬ್ಬ ಗುಮಾಸ್ತೆ, ಮೂವರು ಜವಾನರು – ಇವರೇ ಆತನ ಪರಿವಾರ. ನಗರದಲ್ಲಿ ದಿನವೂ ಹೆಣಗಳು ಬೀಳುತ್ತಿದ್ದವು. ಜನರು ಗುಂಪುಗುಂಪಾಗಿ ಊರು ಬಿಟ್ಟು ಹೋಗುತ್ತಿದ್ದರು. ಸರ್ಕಾರದ ಸಿಬ್ಬಂದಿ ಮನೆಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಿದ್ದುದರಿಂದ ಜನರಿಗೆ ರೋಗದಷ್ಟೇ ಸರ್ಕಾರದ ಭಯವೂ ಇತ್ತು.

ಪ್ಲೇಗಿನ ರೋಗಾಣುವನ್ನು ಎರಡು ವರ್ಷಗಳ ಹಿಂದೆ, 1894ರಲ್ಲಿ, ಅಲೆಕ್ಸಾಂಡರ್ ಯೆರ್ಸಿನ್ ಎಂಬ ವೈದ್ಯನು ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಅದು ಗಿಡ್ಡನೆಯ ದಂಡಾಣು. ಬಣ್ಣ ಹಾಕಿದರೆ ಎರಡು ತುದಿಗಳು ಮಾತ್ರ ಗಾಢವಾಗಿ ಕಾಣುತ್ತವೆ. ನಡುಭಾಗ ತಿಳಿಯಾಗಿ ಉಳಿಯುತ್ತದೆ. ಅದು ಗ್ರಾಮ್ ಋಣ, ಬೀಜಕವನ್ನು ರಚಿಸುವುದಿಲ್ಲ. ಬೀಜಕವಿಲ್ಲದ ಕಾರಣ ಸಾಧಾರಣ ಶಾಖದಿಂದಲೇ ಅದನ್ನು ಕೊಲ್ಲಬಹುದು. ಹೀಗೆ ಕೊಂದ ರೋಗಾಣುಗಳನ್ನೇ ಲಸಿಕೆಯಾಗಿ ಬಳಸಲು ಹಾಫ್ಕಿನನು ನಿಶ್ಚಯಿಸಿದನು. ರೋಗಾಣುವಿನ ರಚನೆಯ ತಿಳಿವು ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂದಿತು.

ಆತನು ಲಸಿಕೆಯನ್ನು ಸಿದ್ಧಪಡಿಸಿದ ಕ್ರಮವು ಸ್ವಾರಸ್ಯವಾಗಿದೆ. ಯುರೋಪಿನಲ್ಲಿ ಬ್ಯಾಕ್ಟೀರಿಯಗಳನ್ನು ದನದ ಮಾಂಸದ ಸಾರಿನಲ್ಲಿ ಬೆಳೆಸುವ ರೂಢಿಯಿತ್ತು. ಈ ದೇಶದ ಜನರ ಭಾವನೆಗೆ ನೋವಾಗಬಾರದೆಂದು ಹಾಫ್ಕಿನನು ಆಡಿನ ಮಾಂಸದ ಸಾರನ್ನು ಬಳಸಿದನು. ಸೀಸೆಯಲ್ಲಿ ಆ ಸಾರನ್ನು ತುಂಬಿ, ಅದರ ಮೇಲೆ ಕೆಲವು ತೊಟ್ಟು ತುಪ್ಪವನ್ನು ತೇಲಿಬಿಟ್ಟನು. ಪ್ಲೇಗಿನ ಬ್ಯಾಕ್ಟೀರಿಯಗಳು ತುಪ್ಪದ ತೊಟ್ಟುಗಳಿಗೆ ಅಂಟಿಕೊಂಡು, ಗವಿಯ ಮಾಡಿನಿಂದ ಇಳಿಬಿದ್ದ ಸುಣ್ಣದ ಕಂಬಗಳಂತೆ ಕೆಳಮುಖವಾಗಿ ಬೆಳೆಯುತ್ತಿದ್ದವು. ಸೀಸೆಯನ್ನು ಅಲುಗಿಸಿದರೆ ಆ ಬೆಳೆ ಉದುರಿ ತಳ ಸೇರುತ್ತಿತ್ತು. ಮೇಲೆ ಮತ್ತೆ ಹೊಸ ಬೆಳೆ ಬರುತ್ತಿತ್ತು. ಹೀಗೆ ಐದಾರು ವಾರ ಬೆಳೆಸಿದ ಮೇಲೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ಗಂಟೆಯ ಕಾಲ ಕಾಯಿಸಿ ರೋಗಾಣುಗಳನ್ನು ಕೊಲ್ಲುತ್ತಿದ್ದನು. ಬಳಿಕ ಅಲ್ಪ ಪ್ರಮಾಣದ ಕಾರ್ಬಾಲಿಕ್ ಆಮ್ಲವನ್ನು ಸೇರಿಸುತ್ತಿದ್ದನು. ಹೀಗೆ ಬೆಳೆದದ್ದು ಪ್ಲೇಗಿನ ರೋಗಾಣುವೇ ಹೊರತು ಬೇರೆಯದಲ್ಲ ಎಂದು ಗುರುತಿಸಲು ಆ ಇಳಿಬಿದ್ದ ಬೆಳೆಯೇ ಒಂದು ಲಕ್ಷಣವಾಯಿತು.

1897ರ ಜನವರಿ 10ರಂದು ಹಾಫ್ಕಿನನು ಈ ಲಸಿಕೆಯನ್ನೂ ಮೊದಲು ತನ್ನ ಮೈಗೆ ಚುಚ್ಚಿಸಿಕೊಂಡನು. ಇತರರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಹೆಚ್ಚಾಗಿಯೇ ತೆಗೆದುಕೊಂಡನು. ಕಡುಜ್ವರವೂ ನೋವೂ ಬಂದವು. ಆದರೂ ಆತನು ಕೆಲಸವನ್ನು ನಿಲ್ಲಿಸಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಮುಂಬಯಿಯ ಬೈಕಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಇಷ್ಟಪಟ್ಟು ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಒಂದೇ ಗೋಡೆಯೊಳಗೆ ಒಂದೇ ಆಹಾರವನ್ನು ಉಂಡು ಬಾಳುತ್ತಿದ್ದ ಎರಡು ಗುಂಪುಗಳಲ್ಲಿ, ಲಸಿಕೆ ಪಡೆದವರಲ್ಲಿ ರೋಗವು ಬಹಳ ಕಡಿಮೆಯಾಗಿ ಕಂಡಿತು. ಲಸಿಕೆಯ ಬೆಲೆ ಏನೆಂಬುದು ಲೋಕಕ್ಕೆ ತಿಳಿಯಿತು.

ಕನ್ನಡನಾಡಿಗೂ ಈ ಲಸಿಕೆ ಬಹು ಬೇಗ ಬಂದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಉಗ್ರವಾಗಿ ಹಬ್ಬಿತು. ಹುಬ್ಬಳ್ಳಿ ಅಂದು ಸುಮಾರು 50,000 ಜನರಿದ್ದ ವ್ಯಾಪಾರದ ಊರು. ರೈಲ್ವೆಯ ದೊಡ್ಡ ಕೇಂದ್ರ. ಅಲ್ಲಿ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಆ ವರ್ಷದ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಸುಮಾರು 38,000 ಜನರು ಹಾಫ್ಕಿನನ ಲಸಿಕೆಯನ್ನು ಹಾಕಿಸಿಕೊಂಡರು. ಊರಿನ ಬಹುಪಾಲು ಜನರು ಹೀಗೆ ತೋಳು ಒಡ್ಡಿದುದು ಆ ಕಾಲಕ್ಕೆ ಒಂದು ಆಶ್ಚರ್ಯ. ಲಸಿಕೆ ಪಡೆದವರಲ್ಲಿ ಸಾವು ಬಹಳ ಕಡಿಮೆಯಾಯಿತು. ಧಾರವಾಡ, ಗದಗಗಳಲ್ಲಿಯೂ ಈ ಕಾರ್ಯ ನಡೆಯಿತು. ಅದೇ ವರ್ಷ ಆಗಸ್ಟ್ ತಿಂಗಳಲ್ಲಿ ರೋಗವು ರೈಲುದಾರಿಯನ್ನು ಹಿಡಿದು ಬೆಂಗಳೂರನ್ನು ಮುಟ್ಟಿತು. ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ಬೆಳೆದವು. ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದು ಚಿಗಟ ಎಂಬುದನ್ನು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ್ದೂ 1898ರಲ್ಲಿಯೇ. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊಲಕ್ಕೆ ಹೋಗುತ್ತಿದ್ದ ನಮ್ಮ ಹಳ್ಳಿಗರ ಪದ್ಧತಿಯು ಕಾರಣವನ್ನು ಅರಿಯದಿದ್ದರೂ ಅರ್ಥಪೂರ್ಣವಾದುದೇ ಆಗಿತ್ತು.

ಲಸಿಕೆಗೆ ಬೇಡಿಕೆ ಏರುತ್ತ ಹೋಯಿತು. 1899ರ ಆಗಸ್ಟ್ ತಿಂಗಳಲ್ಲಿ ಹಾಫ್ಕಿನನ ಪ್ರಯೋಗಶಾಲೆ ಮುಂಬಯಿಯ ಪರೇಲಿನಲ್ಲಿದ್ದ ಹಳೆಯ ರಾಜಭವನಕ್ಕೆ ಸ್ಥಳಾಂತರಗೊಂಡಿತು. ಒಂದು ಕೋಣೆಯಿಂದ ಅರಮನೆಗೆ ಏರಿದರೂ ಆತನ ಸರಳತೆ ಕುಂದಲಿಲ್ಲ. ಸರ್ಕಾರವು ಗೌರವದ ಪದವಿಯನ್ನಿತ್ತಿತು. ಆದರೆ ಒಳಗೊಳಗೆ ಅಸೂಯೆಯೂ ಬೆಳೆಯುತ್ತಿತ್ತು. ಆತನು ವೈದ್ಯಪದವಿ ಪಡೆದವನಲ್ಲ; ಪ್ರಾಣಿಶಾಸ್ತ್ರಜ್ಞ. ಆಳುವ ಜನಾಂಗದವನಲ್ಲ, ರಷ್ಯದಿಂದ ಬಂದ ಯಹೂದಿ. ಇಂತಹವನ ಕೈಕೆಳಗೆ ಕೆಲಸಮಾಡುವುದು ಕೆಲವು ಅಧಿಕಾರಿಗಳಿಗೆ ಹಿತವಾಗಿರಲಿಲ್ಲ.

1902ರಲ್ಲಿ ಪಂಜಾಬು ಪ್ರಾಂತಕ್ಕೆ ಬಹು ದೊಡ್ಡ ಪ್ರಮಾಣದಲ್ಲಿ ಲಸಿಕೆ ಬೇಕಾಯಿತು. ಶೀಘ್ರವಾಗಿ ಸಿದ್ಧಪಡಿಸುವ ಸಲುವಾಗಿ ಹಾಫ್ಕಿನನು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಕೇವಲ ಶಾಖದಿಂದ ರೋಗಾಣುಗಳನ್ನು ಕೊಲ್ಲುವ ಕ್ರಮವನ್ನು ಅನುಸರಿಸಿದನು. ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿಯೂ ಈ ಕ್ರಮ ರೂಢಿಯಲ್ಲಿತ್ತು. ಆ ವರ್ಷದ ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನರಿಗೆ ಕೆಲವು ದಿನಗಳಲ್ಲಿ ಧನುರ್ವಾಯು ಬಂದು, ಎಲ್ಲರೂ ಮಡಿದರು. ಆ 19 ಜನರಿಗೂ ಒಂದೇ ಸೀಸೆಯಿಂದ ಲಸಿಕೆ ಹಾಕಲಾಗಿತ್ತು. ಉಳಿದ ಸೀಸೆಗಳಿಂದ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ.

ಪ್ರಾಣವನ್ನು ಉಳಿಸಲು ಬಂದ ಮದ್ದೇ ಪ್ರಾಣವನ್ನು ತೆಗೆದ ಈ ಸುದ್ದಿ ದೇಶವನ್ನೆಲ್ಲ ತಲ್ಲಣಗೊಳಿಸಿತು. ಸರ್ಕಾರವು ವಿಚಾರಣಾ ಮಂಡಲಿಯನ್ನು ನೇಮಿಸಿತು. ಸೀಸೆಯನ್ನು ತೆರೆಯುವ ಮೊದಲೇ, ಮುಂಬಯಿಯ ಪ್ರಯೋಗಶಾಲೆಯಲ್ಲಿಯೇ, ಅದರೊಳಕ್ಕೆ ಕೊಳೆ ಸೇರಿರಬೇಕೆಂದೂ, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುದು ದೊಡ್ಡ ತಪ್ಪೆಂದೂ ಮಂಡಲಿಯು ಅಭಿಪ್ರಾಯಪಟ್ಟಿತು. ಹಾಫ್ಕಿನನನ್ನು ಅಧಿಕಾರದಿಂದ ದೂರವಿಡಲಾಯಿತು. 1904ರಲ್ಲಿ ಆತನು ಮನನೊಂದು ಭಾರತವನ್ನು ಬಿಟ್ಟನು.

ನಿಜಸಂಗತಿ ಏನಾಗಿತ್ತು? ಅದನ್ನು ತಿಳಿಯಲು ಧನುರ್ವಾಯುವಿನ ರೋಗಾಣುವಿನ ಸ್ವಭಾವವನ್ನು ಅರಿಯಬೇಕು. ಅದೂ ದಂಡಾಣುವೇ. ಆದರೆ ಪ್ಲೇಗಿನ ದಂಡಾಣುವಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಇದು ಗ್ರಾಮ್ ಧನ. ಗಾಳಿಯಿರುವ ಕಡೆ ಬೆಳೆಯುವುದಿಲ್ಲ. ಒಂದು ತುದಿಯಲ್ಲಿ ದುಂಡನೆಯ ಬೀಜಕವನ್ನು ಹೊತ್ತು ನಗಾರಿಯ ಕೋಲಿನಂತೆ ಕಾಣುತ್ತದೆ. ಈ ಬೀಜಕಗಳು ಮಣ್ಣಿನಲ್ಲಿಯೂ ದನಗಳ ಸಗಣಿಯಲ್ಲಿಯೂ ಇರುತ್ತವೆ. ಪ್ಲೇಗಿನ ರೋಗಾಣುವನ್ನು ಕೊಲ್ಲುವ ಶಾಖಕ್ಕೆ ಇವು ಸಾಯುವುದಿಲ್ಲ. ಲಸಿಕೆಗೆ ಸೇರಿಸುತ್ತಿದ್ದಷ್ಟು ಅಲ್ಪ ಪ್ರಮಾಣದ ಕಾರ್ಬಾಲಿಕ್ ಆಮ್ಲವೂ ಇವನ್ನು ಕೊಲ್ಲುವಷ್ಟು ಶಕ್ತವಲ್ಲ. ಆ ಸೀಸೆಯನ್ನು ಮುಂಬಯಿಯಲ್ಲಿ ತುಂಬಿದ್ದು ಘಟನೆಗೆ 41 ದಿನಗಳ ಹಿಂದೆ. ಅಂದೇ ಧನುರ್ವಾಯುವಿನ ಬೀಜಕಗಳು ಒಳಸೇರಿದ್ದರೆ, ಅಷ್ಟು ದಿನಗಳಲ್ಲಿ ಅವು ಬೆಳೆದು, ಬಿರಡೆ ತೆಗೆದ ಕೂಡಲೇ ದುರ್ನಾತ ಹೊಡೆಯಬೇಕಿತ್ತು. ಆದರೆ ಸೀಸೆಯನ್ನು ತೆರೆದಾಗ ಅಂತಹ ವಾಸನೆ ಇರಲಿಲ್ಲ. ಇನ್ನೊಂದು ಸಂಗತಿಯೂ ವಿಚಾರಣೆಯಲ್ಲಿ ಹೊರಬಿದ್ದಿತ್ತು. ಮುಲ್ಕೋವಾಲಿನಲ್ಲಿ ಸೀಸೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಆತನು ಅದನ್ನು ಬೆಂಕಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅಲುಗಿಸಿ ಮತ್ತೆ ಬಳಸಿದ್ದನು. ನೆಲದ ಮಣ್ಣಿನಲ್ಲಿದ್ದ ಕಣ್ಣಿಗೆ ಕಾಣದ ಬೀಜಕಗಳು ಹೀಗೆ ಸೀಸೆಯನ್ನು ಸೇರಿರಬೇಕೆಂಬುದೇ ಯುಕ್ತವಾದ ವಿವರಣೆಯಾಗಿತ್ತು.

ಹಾಫ್ಕಿನನು ಧೃತಿಗೆಡದೆ ಈ ಸಂಗತಿಗಳನ್ನು ವಿಜ್ಞಾನಿಗಳ ಮುಂದಿಟ್ಟನು. ಮಲೇರಿಯವು ಸೊಳ್ಳೆಯಿಂದ ಹರಡುವುದನ್ನು ಕಂಡುಹಿಡಿದು ನೊಬೆಲ್ ಬಹುಮಾನ ಪಡೆದ ರೊನಾಲ್ಡ್ ರಾಸ್ ಆತನ ಪರವಾಗಿ ನಿಂತನು. 1907ರಲ್ಲಿ ರಾಸ್ ಮತ್ತು ಇತರ ಹೆಸರಾಂತ ಬ್ಯಾಕ್ಟೀರಿಯ ತಜ್ಞರು ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗ ಪತ್ರವನ್ನು ಪ್ರಕಟಿಸಿ, ಹಾಫ್ಕಿನನು ನಿರ್ದೋಷಿಯೆಂದು ಸಾರಿದರು. ಕೊನೆಗೆ ಸರ್ಕಾರವು ಆ ವರ್ಷವೇ ಆತನ ಮೇಲಿನ ಆರೋಪವನ್ನು ಕೈಬಿಟ್ಟು ಮತ್ತೆ ಭಾರತಕ್ಕೆ ಆಹ್ವಾನಿಸಿತು.

ಹಾಫ್ಕಿನನು ಮರಳಿ ಬಂದನು. ಆದರೆ ತಾನು ಕಟ್ಟಿ ಬೆಳೆಸಿದ ಮುಂಬಯಿಯ ಸಂಸ್ಥೆ ಆತನಿಗೆ ದೊರೆಯಲಿಲ್ಲ. ಕಲ್ಕತ್ತೆಯಲ್ಲಿ ಒಂದು ಪ್ರಯೋಗಶಾಲೆಯನ್ನು ವಹಿಸಲಾಯಿತು. ಅಲ್ಲಿ ಮನುಷ್ಯರ ಮೇಲೆ ಹೊಸ ಲಸಿಕೆಗಳ ಪ್ರಯೋಗಕ್ಕೆ ಅವಕಾಶವಿರಲಿಲ್ಲ. ಕೈಕಟ್ಟಿದಂತಹ ಆ ಸ್ಥಿತಿಯಲ್ಲಿಯೂ ಹಲವು ವರ್ಷ ದುಡಿದು, ವಯಸ್ಸು 55 ಸಮೀಪಿಸಿದಾಗ ನಿವೃತ್ತನಾಗಿ ಯುರೋಪಿಗೆ ತೆರಳಿದನು. ಆತನು ವಿವಾಹವಾಗಲಿಲ್ಲ. ಕೊನೆಯ ದಿನಗಳನ್ನು ಧರ್ಮಚಿಂತನೆಯಲ್ಲಿ ಕಳೆದು, 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ತೀರಿಕೊಂಡನು. ಅದಕ್ಕೆ ಐದು ವರ್ಷಗಳ ಮುಂಚೆ, 1925ರಲ್ಲಿ, ಮುಂಬಯಿಯ ಆ ಪ್ರಯೋಗಶಾಲೆಗೆ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಡಲಾಗಿತ್ತು. ಅಷ್ಟು ಹೊತ್ತಿಗೆ ಅಲ್ಲಿಂದ ಹೊರಗೆ ಹೋದ ಪ್ಲೇಗ್ ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಜನರಿಗೆ ಸಾಲುವಷ್ಟಿತ್ತು. ಭಾರತ ಸರ್ಕಾರವು 1964ರಲ್ಲಿ ಆತನ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿ ಗೌರವ ಸಲ್ಲಿಸಿತು.

ಇಂದು ಪ್ಲೇಗನ್ನು ಸಕಾಲದಲ್ಲಿ ಗುರುತಿಸಿದರೆ ಪ್ರತಿಜೈವಿಕ ಔಷಧಗಳಿಂದ ಗುಣಪಡಿಸಬಹುದು. 1966ರಲ್ಲಿ ಕೋಲಾರ ಜಿಲ್ಲೆಯಲ್ಲಿ ಕಂಡ ಬಳಿಕ, 1994ರಲ್ಲಿ ಮಹಾರಾಷ್ಟ್ರ ಗುಜರಾತುಗಳಲ್ಲಿ ಮತ್ತೆ ತಲೆಯೆತ್ತುವವರೆಗೆ, ಆ ರೋಗವು ನಮ್ಮ ದೇಶದಲ್ಲಿ ಮರೆಯಾಗಿದ್ದಿತು. ಇಂದಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳೂ 2007ರವರೆಗೆ ಅದೇ ಕೋಲಾರ ಜಿಲ್ಲೆಗೆ ಸೇರಿದ್ದವು. ಬ್ಯಾಕ್ಟೀರಿಯಗಳ ವರ್ಗೀಕರಣವೂ ಬಹಳ ಮುಂದುವರಿದಿದೆ. ಯೆರ್ಸಿನನ ನೆನಪಿಗಾಗಿ ಪ್ಲೇಗಿನ ರೋಗಾಣುವಿಗೆ ಯೆರ್ಸಿನಿಯ ಪೆಸ್ಟಿಸ್ ಎಂಬ ಹೆಸರು ಬಂದಿದೆ. ಆಕಾರ, ಬಣ್ಣಗಳ ಜೊತೆಗೆ ಅನುವಂಶಿಕ ಎಳೆಗಳನ್ನೂ ಓದಿ ಸಂಬಂಧಗಳನ್ನು ನಿರ್ಣಯಿಸುತ್ತಾರೆ. ಹಾಗೆ ಓದಿದಾಗ, ಬ್ಯಾಕ್ಟೀರಿಯಗಳೆಂದೇ ಎಣಿಸಿದ್ದ ಕೆಲವು ಜೀವಿಗಳು ಬೇರೆಯೇ ಒಂದು ಗುಂಪಿಗೆ ಸೇರಿದವೆಂದು 1977ರಲ್ಲಿ ಕಾರ್ಲ್ ವೋಸ್ ಎಂಬ ವಿಜ್ಞಾನಿ ತೋರಿಸಿದನು.

ಮುಲ್ಕೋವಾಲಿನ ದುರಂತವು ಕಲಿಸಿದ ಶುಚಿತ್ವದ ಪಾಠವು ಆಸ್ಪತ್ರೆಗಳಿಗೆ ಮಾತ್ರ ಸೇರಿದುದಲ್ಲ. ಸಾದಲಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ರೇಷ್ಮೆ ಹುಳುಗಳನ್ನು ಸಾಕುವ ರೈತನು ಒಂದು ಬೆಳೆ ಮುಗಿದ ಮೇಲೆ ಸಾಕಣೆಯ ಮನೆಯನ್ನೂ ತಟ್ಟೆಗಳನ್ನೂ ಚಂದ್ರಿಕೆಗಳನ್ನೂ ತೊಳೆದು ಸೋಂಕು ನಿವಾರಣೆ ಮಾಡಿದ ಹೊರತು ಮುಂದಿನ ಬೆಳೆಗೆ ಕೈಹಾಕುವುದಿಲ್ಲ. ಹುಳುಗಳಿಗೆ ಬರುವ ಸಪ್ಪೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಗಳಲ್ಲಿ ಬ್ಯಾಕ್ಟೀರಿಯಗಳೂ ಸೇರಿವೆ. ಕಣ್ಣಿಗೆ ಕಾಣದುದನ್ನು ಅಲಕ್ಷಿಸಿದರೆ ಆಗುವ ನಷ್ಟವನ್ನು ಆತನು ಅನುಭವದಿಂದ ಬಲ್ಲನು.

ಹಾಫ್ಕಿನನಿಗೆ ಈ ದೇಶದೊಡನೆ ರಕ್ತದ ಸಂಬಂಧವಿರಲಿಲ್ಲ. ಧರ್ಮವನ್ನು ಬಿಟ್ಟಿದ್ದರೆ ತಾಯ್ನಾಡಿನಲ್ಲಿ ಪದವಿ ದೊರೆಯುತ್ತಿತ್ತು, ಬಿಡಲಿಲ್ಲ. ಅಪವಾದಕ್ಕೆ ಅಂಜಿ ಸುಮ್ಮನಿದ್ದಿದ್ದರೆ ಯುರೋಪಿನಲ್ಲಿ ಶಾಂತಿಯಿಂದ ಇರಬಹುದಾಗಿತ್ತು, ಸುಮ್ಮನಿರಲಿಲ್ಲ. ಸತ್ಯವನ್ನು ಪ್ರಮಾಣಗಳಿಂದ ಸ್ಥಾಪಿಸಿ, ನೋವು ಕೊಟ್ಟ ನಾಡಿಗೇ ಮತ್ತೆ ಸೇವೆ ಸಲ್ಲಿಸಲು ಬಂದನು. ಹುಬ್ಬಳ್ಳಿಯ ಕೇರಿಗಳಲ್ಲಿ ಆತನ ಲಸಿಕೆಯಿಂದ ಬದುಕಿ ಉಳಿದವರು ಆತನ ಮುಖವನ್ನು ನೋಡಿದವರಲ್ಲ. ಅನೇಕರು ಹೆಸರನ್ನೂ ಕೇಳಿರಲಾರರು. ಆದರೂ ಅವರ ಮಕ್ಕಳು ಮೊಮ್ಮಕ್ಕಳ ಬಾಳಿನಲ್ಲಿ ಆತನ ದುಡಿಮೆಯ ಫಲವು ಸೇರಿಹೋಗಿದೆ.